ಮೊದಲು ಚೀಟಿ, ಆಮೇಲೆ ಅತಿಥಿ

ಮಹಿಳಾ ಸಮಾಜದ ಕಾರ್ಯದರ್ಶಿ ಕೆಲಸ ನನ್ನ ತಲೆಗೆ ಬಂದಿದ್ದು, ಆ ದಿನ ನಾನು ಸಭೆಗೆ ಹೋಗದೇ ಇದ್ದದ್ದರಿಂದ. ಬಾರದವರ ಹೆಸರು ಬರೆದುಕೊಳ್ಳುವುದು ಸುಲಭ ಅಲ್ವಾ.

ನಮ್ಮದು ಸಾಗರ. ಸಮಾಜಕ್ಕೆ ಒಂದು ಹಳೇ ಹೆಂಚಿನ ಕಟ್ಟಡ ಇದೆ. ಅರವತ್ತು ಪ್ಲಾಸ್ಟಿಕ್ ಕುರ್ಚಿ, ಒಂದು ಹಾರ್ಮೋನಿಯಂ, ಒಂದು ದೊಡ್ಡ ಕಾಫಿ ಪಾತ್ರೆ, ಬೀಗ ಕೆಟ್ಟ ಎರಡು ಬೀರು. ನಾಮಕರಣ, ಸೀಮಂತಕ್ಕೆ ಹಾಲ್ ಬಾಡಿಗೆ ಕೊಟ್ಟು ಕರೆಂಟ್ ಬಿಲ್ ಕಟ್ಟುತ್ತೇವೆ. ಶ್ರಾವಣದಲ್ಲಿ ಭಜನೆ, ನವರಾತ್ರಿಗೆ ರಂಗೋಲಿ ಸ್ಪರ್ಧೆ, ಸಂಕ್ರಾಂತಿಗೆ ಎಳ್ಳು, ತಿಂಗಳಿಗೊಂದು ಉಪನ್ಯಾಸ. ಈ ಉಪನ್ಯಾಸದ್ದೇ ನನ್ನ ಕಥೆ.

ನಾನು ಏರ್ಪಾಡು ಮಾಡಿದ ಮೊದಲ ಕಾರ್ಯಕ್ರಮದ ವಿಷಯ ‘ಸ್ತ್ರೀ ಸಬಲೀಕರಣ’. ಅತಿಥಿಗಳು ನಿವೃತ್ತ ಅಧಿಕಾರಿ. ಮೂರು ಗಂಟೆಗೆ ಅಂತ ಕರಪತ್ರದಲ್ಲಿ ಹಾಕಿದ್ದೆ, ಅವರು ಬಂದಾಗ ಮೂರೂ ಮುಕ್ಕಾಲು. ಪ್ರಾರ್ಥನೆ ಆಯಿತು. ದೀಪ ಹಚ್ಚಿದರೆ ಫ್ಯಾನಿನ ಗಾಳಿಗೆ ಆರಿತು, ಫ್ಯಾನ್ ಆರಿಸಿ ಮತ್ತೆ ಹಚ್ಚಿದ್ದಾಯಿತು. ಸ್ವಾಗತ, ಪ್ರಾಸ್ತಾವಿಕ ನುಡಿ, ಅತಿಥಿಗಳ ಪರಿಚಯ, ಹಾರ, ಶಾಲು. ಅವರು ಮೈಕ್ ಹಿಡಿಯುವಾಗ ನಾಲ್ಕೂವರೆ. ಆ ಹೊತ್ತಿಗೆ ಮಕ್ಕಳು ಸ್ಕೂಲಿಂದ ಮನೆಗೆ ಬಂದಿರುತ್ತಾರೆ. ಗಾರ್ಗಿ, ಮೈತ್ರೇಯಿಯಿಂದ ಶುರು ಮಾಡಿದರು. ಕಿತ್ತೂರು ಚೆನ್ನಮ್ಮನ ಹತ್ತಿರ ಬರುವಷ್ಟರಲ್ಲಿ ಅರ್ಧ ಕುರ್ಚಿ ಖಾಲಿ. ಕೆಳದಿ ನಮ್ಮಿಂದ ಆಟೋದಲ್ಲಿ ಹೋಗಿಬರುವಷ್ಟು ಹತ್ತಿರ. ಔರಂಗಜೇಬನ ಸೇನೆ ಬೆನ್ನಟ್ಟಿದ್ದ, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ನಮ್ಮ ಕೆಳದಿ ಚೆನ್ನಮ್ಮನ ಹೆಸರು ಮಾತ್ರ ಬರಲೇ ಇಲ್ಲ.

ಕೊನೆಗೆ ‘ಪ್ರಶ್ನೆ ಇದ್ದರೆ ಕೇಳಿ’ ಅಂದೆ. ಒಬ್ಬರೂ ಬಾಯಿ ಬಿಡಲಿಲ್ಲ.

ಲೋಟ ತೊಳೆಯಲು ಹಿಂದಿನ ಅಡುಗೆಮನೆಗೆ ಹೋದರೆ ಅಲ್ಲಿ ಬೇರೆಯೇ ಸಭೆ ನಡೆಯುತ್ತಿತ್ತು. ‘ಅಪ್ಪನ ತೋಟದಲ್ಲಿ ನಂಗೂ ಪಾಲು ಬರುತ್ತಂತೆ, ಹೌದೇನೇ?’ ಅಂತ ಒಬ್ಬಳು. ‘ಮುಟ್ಟು ನಿಂತು ಒಂದೂವರೆ ವರ್ಷ ಆಗಿತ್ತು, ಈಗ ಮತ್ತೆ ಕಾಣಿಸ್ತಿದೆ, ಯಾರ ಹತ್ರ ಹೇಳೋದು ಅಕ್ಕಾ’ ಅಂತ ಇನ್ನೊಬ್ಬಳು. ಇಷ್ಟು ಪ್ರಶ್ನೆ ಇಲ್ಲಿಟ್ಟುಕೊಂಡು ಮುಂದೆ ಯಾಕೆ ಸುಮ್ಮನೆ ಕೂತಿದ್ದಿರಿ ಅಂದೆ. ‘ಅವರ ಮುಂದೆ ಇದನ್ನೆಲ್ಲ ಕೇಳ್ತಾರಾ?’ ಅಂತ ನಕ್ಕರು.

ಮುಂದಿನ ತಿಂಗಳು ಒಂದು ಬಿಸ್ಕತ್ತಿನ ಡಬ್ಬಿಯ ಮುಚ್ಚಳಕ್ಕೆ ಸೀಳು ಮಾಡಿ ಕಾಫಿ ಪಾತ್ರೆಯ ಪಕ್ಕ ಇಟ್ಟೆ. ಹೆಸರು ಬೇಡ, ಏನು ತಿಳಿಯಬೇಕೋ ಅಷ್ಟು ಬರೆದು ಹಾಕಿ ಅಂದೆ. ಬಂದದ್ದು ನಾಲ್ಕೇ ಚೀಟಿ. ಅದರಲ್ಲಿ ಒಂದು, ಕಾಫಿಗೆ ಸಕ್ಕರೆ ಕಡಿಮೆ ಮಾಡಿ ಅಂತ. ಯಾಕೆ ಬರೆಯುತ್ತಿಲ್ಲ ಅಂತ ಆಮೇಲೆ ಗೊತ್ತಾಯಿತು. ನಮ್ಮೂರಲ್ಲಿ ಅಕ್ಷರ ನೋಡಿದರೆ ಸಾಕು, ಯಾರದ್ದು ಅಂತ ತಿಳಿಯುತ್ತದೆ. ಆಗಿನಿಂದ ಒಂದು ಪದ್ಧತಿ ಮಾಡಿದೆ. ಡಬ್ಬಿಯನ್ನು ಮನೆಗೆ ತಂದು ಎಲ್ಲ ಪ್ರಶ್ನೆಗಳನ್ನೂ ನನ್ನ ಕೈಯಲ್ಲೇ ಒಂದು ಹಾಳೆಗೆ ಬರೆದುಕೊಂಡು, ಚೀಟಿಗಳನ್ನು ಬಚ್ಚಲ ಒಲೆಗೆ ಹಾಕುತ್ತೇನೆ. ಇದನ್ನು ಎಲ್ಲರ ಎದುರಿಗೇ ಹೇಳಿದೆ. ಬರೆಯಲು ಬಾರದ ಹಿರಿಯರ ಹತ್ತಿರ ಕಾರ್ಯಕ್ರಮಕ್ಕೆ ಮೊದಲೇ ಕೂತು ಕೇಳಿಕೊಳ್ಳುತ್ತೇನೆ. ಮೂರನೇ ತಿಂಗಳಿಗೆ ಹತ್ತೊಂಬತ್ತು ಚೀಟಿ ಬಂದವು.

ಹಾಗಾಗಿ ಈಗ ನಾವು ಅತಿಥಿಯನ್ನು ಮೊದಲು ಹುಡುಕುವುದಿಲ್ಲ. ಒಂದೇ ವಿಷಯದ ಐದಾರು ಚೀಟಿ ಸೇರಿದರೆ, ಅದಕ್ಕೆ ಉತ್ತರ ಹೇಳಬಲ್ಲವರನ್ನು ಹುಡುಕುತ್ತೇವೆ. ಪ್ರಶ್ನೆಗಳ ಹಾಳೆಯನ್ನು ವಾರ ಮುಂಚೆ ಅವರಿಗೆ ಕೊಟ್ಟು, ‘ಭಾಷಣ ಬೇಡ ಮೇಡಂ, ಇಷ್ಟಕ್ಕೆ ಉತ್ತರ ಹೇಳಿದರೆ ಸಾಕು’ ಅನ್ನುತ್ತೇವೆ. ಕೆಲವರಿಗೆ ಇದು ಅವಮಾನ ಅನಿಸುತ್ತದೆ. ಅಂಥವರು ತಾವಾಗಿಯೇ ಬಿಡುವಿಲ್ಲ ಅನ್ನುತ್ತಾರೆ. ಅದೂ ಒಳ್ಳೆಯದೇ.

ಜಾಸ್ತಿ ಚೀಟಿ ಬಂದಿದ್ದು ಆಸ್ತಿಯ ಬಗ್ಗೆ. ಒಬ್ಬ ಮಹಿಳಾ ವಕೀಲರನ್ನು ಕರೆದೆವು. ಅವರು ಸ್ಟೇಜ್ ಹತ್ತದೆ, ಕುರ್ಚಿ ಎಳೆದುಕೊಂಡು ನಮ್ಮ ನಡುವೆ ಕೂತರು. ಹುಟ್ಟಿನಿಂದಲೇ ಮಗನಿಗೆ ಇರುವ ಹಕ್ಕು ಪಿತ್ರಾರ್ಜಿತದಲ್ಲಿ ಮಗಳಿಗೂ ಇದೆ ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳುತ್ತದೆ. ಕರ್ನಾಟಕದಲ್ಲಿ 1994ರಿಂದಲೇ ಇಂಥ ಕಾನೂನು ಇತ್ತು, ಆದರೆ ಅದಕ್ಕೆ ಮೊದಲು ಮದುವೆಯಾದ ಹೆಣ್ಣುಮಕ್ಕಳಿಗೆ ಅದು ಸಿಗುತ್ತಿರಲಿಲ್ಲ. 2005ರದ್ದರಲ್ಲಿ ಮದುವೆಯ ಲೆಕ್ಕ ಇಲ್ಲ. ಆ ವರ್ಷ ಅಪ್ಪ ಬದುಕಿದ್ದನೋ ಇಲ್ಲವೋ ಅನ್ನುವುದೂ ಮುಖ್ಯವಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ಸರಿಯಾಗಿ ಪಾಲಾಗಿ ಹೋಗಿದ್ದರೆ ಅದನ್ನು ಮತ್ತೆ ಕೆದಕುವ ಹಾಗಿಲ್ಲ. ಅಪ್ಪ ತಾನೇ ದುಡಿದು ಕೊಂಡಿದ್ದನ್ನು ಯಾರಿಗೆ ಬೇಕಾದರೂ ಬರೆಯಬಹುದು. ಇಷ್ಟನ್ನೂ ಅಡಿಕೆ ತೋಟದ ಲೆಕ್ಕ ಹಾಕಿಯೇ ಹೇಳಿದರು. ಕೊನೆಗೆ, ‘ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕೋದು ಬಿಡೋದು ನಿಮ್ಮಿಷ್ಟ. ಓದದೆ ಮಾತ್ರ ಹಾಕಬೇಡಿ’ ಅಂದರು.

ಅವತ್ತು ಮಕ್ಕಳು ಮನೆಗೆ ಬರುವ ಹೊತ್ತಾದರೂ ಒಬ್ಬರೂ ಏಳಲಿಲ್ಲ.

ಆಮೇಲೆ ಶುರುವಾಯಿತು. ಸಮಾಜದವರು ಮನೆ ಒಡೆಯಲು ಹೊರಟಿದ್ದಾರೆ ಅಂತ ಊರಲ್ಲಿ ಮಾತು ಬಂತು. ಒಬ್ಬ ಸದಸ್ಯೆಯ ಅಣ್ಣ ನಮ್ಮ ಮನೆಯ ಬಾಗಿಲಿಗೇ ಬಂದು ನನ್ನ ಯಜಮಾನರನ್ನು ಕೇಳಿದರು, ‘ನಿಮ್ಮ ಮನೆಯವರಿಗೆ ಬೇರೆ ಕೆಲಸ ಇಲ್ವಾ?’ ಆ ಸದಸ್ಯೆ ಸಮಾಜಕ್ಕೆ ಬರುವುದನ್ನು ನಿಲ್ಲಿಸಿದಳು. ಅದು ಈಗಲೂ ನನ್ನನ್ನು ಚುಚ್ಚುತ್ತದೆ. ಉಪನ್ಯಾಸ ಇಟ್ಟಿದ್ದು ತಪ್ಪು ಅಂತ ನನಗೆ ಅನಿಸುವುದಿಲ್ಲ. ಆದರೆ ಮೊದಲ ಸಾಲಲ್ಲಿ ಯಾರು ಕೂತಿದ್ದರು, ಯಾರು ಏನು ಕೇಳಿದರು ಅಂತ ಸಂಜೆಯೊಳಗೆ ಊರೆಲ್ಲ ಹರಡಿತ್ತಲ್ಲ, ಅದನ್ನು ತಡೆಯಬಹುದಿತ್ತು. ಗುಂಪಿನ ಫೋಟೋ ವಾಟ್ಸಾಪಿನಲ್ಲಿ ಹಾಕಿದ್ದು ನಾನೇ. ಈಗ ಅಂಥ ಕಾರ್ಯಕ್ರಮಕ್ಕೆ ಫೋಟೋ ಇಲ್ಲ.

ಆರೋಗ್ಯದ ಚೀಟಿಗಳಿಗೆ ಒಬ್ಬ ಲೇಡಿ ಡಾಕ್ಟರ್ ಬಂದರು. ಮೈಕ್ ಸೆಟ್ ಹುಡುಗನಿಗೆ ಕಾಫಿ ಕೊಟ್ಟು ಹೊರಗೆ ಕಳಿಸಿ, ಬಾಗಿಲು ಹಾಕಿದೆವು. ಹನ್ನೆರಡು ತಿಂಗಳು ಸತತವಾಗಿ ಮುಟ್ಟಾಗದಿದ್ದರೆ ನಿಂತಿತು ಅಂತ ಲೆಕ್ಕ, ಅದಾದ ಮೇಲೆ ಒಂದು ಹನಿ ಕಂಡರೂ ತೋರಿಸಿಕೊಳ್ಳಲೇಬೇಕು ಅಂತ ಅವರು ಮೂರು ಸಲ ಹೇಳಿದರು. ವಾರದೊಳಗೆ ಮೂವರು ಹೋಗಿ ತೋರಿಸಿಕೊಂಡು ಬಂದರು. ಏನಾಯಿತು ಅಂತ ನಾನು ಕೇಳಲಿಲ್ಲ. ಮಂಗನ ಕಾಯಿಲೆಯ ಬಗ್ಗೆ, ಡಿಜಿಟಲ್ ಅರೆಸ್ಟ್ ಅಂತ ಹೆದರಿಸಿ ದುಡ್ಡು ಕೀಳುವವರ ಬಗ್ಗೆಯೂ ಹೇಳಿಸಿದ್ದೇವೆ. ದುಡ್ಡು ಹೋದ ತಕ್ಷಣ ಕರೆ ಮಾಡಬೇಕಾದ 1930 ನಂಬರನ್ನು ನಮ್ಮ ಅಡುಗೆಮನೆಯ ಗೋಡೆಗೆ ಅಂಟಿಸಿದ್ದೇವೆ. ಸ್ಟೇಜಿನ ಪಕ್ಕ ಅಂಟಿಸಿದರೆ ಯಾರೂ ನೋಡುವುದಿಲ್ಲ.

ನನ್ನನ್ನು ಕೇಳಿದರೆ, ಇಷ್ಟು ವರ್ಷದಲ್ಲಿ ಬಂದ ಅತಿಥಿಗಳಲ್ಲಿ ಎಲ್ಲರಿಗಿಂತ ಚೆನ್ನಾಗಿ ಹೇಳಿಕೊಟ್ಟವರು ದೀವರ ಸಮುದಾಯದ ಒಬ್ಬ ಅಮ್ಮ. ಅವರು ಗೋಡೆಗೆ ಬರೆಯುವ ಹಸೆ ಚಿತ್ತಾರ ಕಲಿಸಿ ಅಂತ ಕೇಳಿಕೊಂಡು ಹೋದೆವು. ‘ನಂಗೆ ಭಾಷಣ ಬರಲ್ಲ ಕಣಮ್ಮ’ ಅಂದರು. ಭಾಷಣ ಬರದವರೇ ನಮಗೆ ಬೇಕು ಅಂದೆ. ಚಾಪೆಯ ಮೇಲೆ ಕೂತು ಕೆಮ್ಮಣ್ಣು ಬಳಿದ ಹಲಗೆ ಇಟ್ಟುಕೊಂಡರು. ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಹುರಿದು ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಪುಂಡಿ ನಾರಿನ ಬ್ರಷ್ಷಿನಲ್ಲಿ ಒಂದು ಗೆರೆ ಎಳೆದರು ನೋಡಿ, ಸ್ಕೇಲ್ ಇಟ್ಟ ಹಾಗೆ. ನಮ್ಮ ರಂಗೋಲಿ ಸ್ಪರ್ಧೆಯಲ್ಲಿ ಪ್ರತಿ ವರ್ಷ ಬಹುಮಾನ ಹೊಡೆಯುವವಳ ಕೈಯೂ ಆ ಬ್ರಷ್ ಹಿಡಿದು ನಡುಗಿತು. ಎರಡೂವರೆ ಗಂಟೆ ಹೋದದ್ದೇ ಗೊತ್ತಾಗಲಿಲ್ಲ. ಭೂಮಿ ಹುಣ್ಣಿಮೆಯ ಬುಟ್ಟಿಗೆ ಬರೆಯುವಾಗ ಅವರ ಅತ್ತೆ ಬೈಯುತ್ತಿದ್ದದ್ದು, ಗೆರೆ ತಪ್ಪಿದರೆ ಅಳಿಸಿ ಮತ್ತೆ ಬರೆಸುತ್ತಿದ್ದದ್ದು, ಎಲ್ಲ ಹೇಳಿದರು.

ಅವರಿಗೆ ಏನು ಕೊಡುವುದು ಅಂತ ಕಮಿಟಿಯಲ್ಲಿ ದೊಡ್ಡ ಜಗಳ. ಶಾಲು, ಫಲತಾಂಬೂಲ ಸಾಕು, ಅತಿಥಿಗೆ ದುಡ್ಡು ಕೊಡುವುದು ನಮ್ಮಲ್ಲಿಲ್ಲ ಅಂದರು. ಅದು ಅಡಿಕೆ ಸುಲಿಯುವ ಕಾಲ. ಆ ಅಮ್ಮ ಒಂದು ದಿನದ ಕೂಲಿ ಬಿಟ್ಟು ಬಂದಿದ್ದರು. ಪಿಂಚಣಿ ಬರುವವರಿಗೆ ಶಾಲು ಸಾಕು, ಕೂಲಿ ಬಿಟ್ಟು ಬಂದವರಿಗೆ ಶಾಲು ಯಾಕೆ ಅಂತ ನಾನು ಸ್ವಲ್ಪ ಜೋರಾಗಿಯೇ ಹೇಳಿದೆ. ಈಗ ಶಾಲಿನ ಖರ್ಚನ್ನೇ ತೆಗೆದು ಆ ದುಡ್ಡನ್ನು ಕವರಿನಲ್ಲಿ ಹಾಕಿ ಕೊಡುತ್ತೇವೆ. ಬೇಡ ಅಂದವರು ಸಮಾಜಕ್ಕೇ ವಾಪಸ್ ಕೊಡುತ್ತಾರೆ, ಅದಕ್ಕೆ ರಸೀದಿ ಹರಿಯುತ್ತೇವೆ. ಇನ್ನೊಂದು ಮಾತು. ಬಹಳ ಕಾಲ ನಮ್ಮ ಸಮಾಜ ಎರಡು ಮೂರು ಕೇರಿಯ ಹೆಂಗಸರದ್ದೇ ಆಗಿತ್ತು. ಚಿತ್ತಾರದ ಮರುತಿಂಗಳು ಬೇರೆ ಕೇರಿಯ ಏಳು ಜನ ಸದಸ್ಯರಾದರು.

ಕಷ್ಟ ಆಗಿದ್ದು ಅರಿಶಿನ ಕುಂಕುಮದ್ದು. ಕಾರ್ಯಕ್ರಮ ಮುಗಿದ ಮೇಲೆ ತಟ್ಟೆ ಹಿಡಿದು ಎಲ್ಲರಿಗೂ ಕೊಡುವುದು ರೂಢಿ. ‘ಎಲ್ಲರಿಗೂ’ ಅಂತ ನಾವು ಅನ್ನುತ್ತಿದ್ದೆವು. ವಂದನಾರ್ಪಣೆ ಶುರುವಾಗುತ್ತಿದ್ದ ಹಾಗೆ ಕೆಲವರು ಚಪ್ಪಲಿ ಹುಡುಕಿಕೊಂಡು ಮೆಲ್ಲಗೆ ಹೊರಟುಬಿಡುತ್ತಿದ್ದರು. ಮನೆಯಲ್ಲಿ ಕೆಲಸ ಇರಬಹುದು ಅಂದುಕೊಂಡಿದ್ದೆ. ಒಂದು ಚೀಟಿಯಲ್ಲಿ ಹೀಗಿತ್ತು: ‘ತಟ್ಟೆ ಬರುವ ಮುಂಚೆ ಏಳಬೇಕು ಅಂತ ನಂಗೆ ಯಾರೂ ಹೇಳಿಲ್ಲ, ಆದರೂ ಏಳ್ತೀನಿ.’ ಅದನ್ನು ಒಲೆಗೆ ಹಾಕಲು ಕೈ ಬರಲಿಲ್ಲ. ಆಮೇಲೆ ಮಾತು ಕೊಟ್ಟಿದ್ದೇನಲ್ಲ ಅಂತ ಹಾಕಿದೆ.

ನಮ್ಮ ಅಧ್ಯಕ್ಷರಿಗೆ ಎಪ್ಪತ್ತೆರಡು ವರ್ಷ, ಬಲು ಸಂಪ್ರದಾಯಸ್ಥರು. ಅವರ ಹತ್ತಿರ ವಾದ ಮಾಡದೆ, ‘ಅಮ್ಮಾ, ಬಾಗಿಲಲ್ಲಿ ಬರುವಾಗಲೇ ಎಲ್ಲರಿಗೂ ಒಂದು ತುಂಡು ಹೂವು ಕೊಡೋಣ, ಕುಂಕುಮದ ಬಟ್ಟಲು ಮೇಜಿನ ಮೇಲೆ ಇರಲಿ, ಬೇಕಾದವರು ಇಟ್ಟುಕೊಳ್ಳಲಿ’ ಅಂದೆ. ಅವರು ಏನೂ ಅನ್ನಲಿಲ್ಲ. ಮರುತಿಂಗಳು ಬಾಗಿಲಲ್ಲಿ ನಿಂತು ಹೂವು ಕೊಟ್ಟಿದ್ದು ಅವರೇ. ಕೆಲವರು ತೆಗೆದುಕೊಂಡು ಮುಡಿಯದೆ ಕೈಯಲ್ಲೇ ಹಿಡಿದು ಕೂತರು. ಮುಗಿಯುವ ತನಕ ಕೂತರು.

ಪ್ರವಾಸದ ವಿಷಯ ಚಿಕ್ಕದು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ವ್ಯಾನ್ ಮಾಡುವುದನ್ನು ಬಿಟ್ಟಿದ್ದೇವೆ. ನಮ್ಮ ಕಡೆ ಖಾಸಗಿ ಬಸ್ಸೇ ಜಾಸ್ತಿ, ಹಾಗಾಗಿ ಸರ್ಕಾರಿ ಬಸ್ಸಿನ ಟೈಮಿಗೆ ತಕ್ಕಂತೆ ದಿನವನ್ನು ಹೊಂದಿಸುತ್ತೇವೆ. ಆಧಾರ್‌ನಂಥ ಗುರುತಿನ ಚೀಟಿ ಮರೆತು ಬಂದವರು ಟಿಕೆಟ್ ತೆಗೆಯಬೇಕು, ಅದು ನಿಯಮ. ಹೆಗ್ಗೋಡಿನ ‘ಚರಕ’ ಕೈಮಗ್ಗ ಸಂಸ್ಥೆಗೆ ಹೋದಾಗ, ಅಡಿಕೆ ಬೇಯಿಸಿದ ಚೊಗರಿನಲ್ಲಿ ಬಟ್ಟೆಗೆ ಬಣ್ಣ ಹಾಕುವುದನ್ನು ನೋಡಿ ಒಬ್ಬ ಅಕ್ಕ ಅಂದರು, ‘ಇಷ್ಟು ವರ್ಷ ಇದೇ ಕಲೆ ಹೋಗಲಿ ಅಂತ ಸೀರೆ ತಿಕ್ಕಿ ತಿಕ್ಕಿ ಹರಿದೆನಲ್ಲೇ!’

ಸಮಯದ ಬಗ್ಗೆ ಹೇಳಲೇಬೇಕು. ಈಗ ನಮ್ಮದು ಎರಡೂವರೆಯಿಂದ ನಾಲ್ಕು. ಪಾತ್ರೆ ತೊಳೆದಾಗಿರುತ್ತದೆ, ಮಕ್ಕಳು ಬಂದಿರುವುದಿಲ್ಲ. ಅತಿಥಿ ಬರದಿದ್ದರೂ ಶುರು ಮಾಡುತ್ತೇವೆ. ದೀಪ ಉಂಟು, ಫ್ಯಾನ್ ಹಾಕುವ ಮೊದಲೇ ಹಚ್ಚಿರುತ್ತೇವೆ. ಪರಿಚಯ ಎರಡು ಸಾಲು. ಹಿಂದೆ ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯಿಂದ ಬರುತ್ತಿದ್ದ ಒಬ್ಬ ಟೀಚರ್ ಕೊನೆಯ ಲಾಂಚ್ ತಪ್ಪುತ್ತದೆ ಅಂತ ಮಾತಿನ ನಡುವೆಯೇ ಏಳುತ್ತಿದ್ದರು. 2025ರ ಜುಲೈಯಲ್ಲಿ ಹಿನ್ನೀರಿಗೆ ಸೇತುವೆ ಆಯಿತು. ಈಗ ಕಾಫಿ ಎರಡನೇ ಲೋಟ ಕುಡಿದು ಹೋಗುತ್ತಾರೆ.

ಹೋದ ತಿಂಗಳ ಡಬ್ಬಿಯಲ್ಲಿ ಒಂದೇ ಮಾತಿನ ಆರು ಚೀಟಿ ಇದ್ದವು, ಮಾತಾಡಿಕೊಂಡೇ ಬರೆದಿದ್ದರೋ ಏನೋ: ‘ಒಂದು ತಿಂಗಳು ಯಾರನ್ನೂ ಕರೆಯಬೇಡಿ. ಸುಮ್ನೆ ಕೂರೋಣ.’ ಪದ್ಧತಿ ಅಂದಮೇಲೆ ಪದ್ಧತಿ. ಚಾಪೆ ಹಾಸಿ, ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದೆವು. ಆಟದಲ್ಲಿ ಅಧ್ಯಕ್ಷರು ಮೋಸ ಮಾಡಿ ಸಿಕ್ಕಿಬಿದ್ದರು. ಲೆಕ್ಕದ ಪುಸ್ತಕದಲ್ಲಿ ಆ ದಿನದ ಖರ್ಚು ಮಂಡಕ್ಕಿ, ಸೌತೆಕಾಯಿ, ಕಾಯಿ, ಹಾಲು. ಅತಿಥಿ ಅನ್ನುವ ಕಡೆ ಗೀಟು ಹಾಕಿದ್ದೇನೆ.