ಸ್ಕ್ರೂ ನಂಬಿ ಕೆಟ್ಟ ಮೇಲೆ ಗಾಜಿನ ಸ್ಕೇಲ್ ಹಾಕಿದ್ದು

ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಶೆಡ್. ಅಲ್ಲಿ ಹಳೆಯ ಸಿಎನ್‌ಸಿ ಮಿಲ್ಲಿಂಗ್ ಮೆಷಿನ್ (ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಯಂತ್ರ) ಇದೆ. ಬೆಳಿಗ್ಗೆ ತೆಗೆದ ಪ್ಲೇಟಿನಲ್ಲಿ 400 ಮಿಮೀ ದೂರದ ಎರಡು ತೂತು ಸರಿಯಾಗಿ ಬರುತ್ತಿದ್ದವು. ಊಟ ಆದ ಮೇಲೆ ತೆಗೆದದ್ದರಲ್ಲಿ ಅದೇ ದೂರ 25 ಮೈಕ್ರಾನ್ ಜಾಸ್ತಿ (ಮಿಮೀಯ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್). ಸ್ಕ್ರೀನ್ ಮಾತ್ರ 400.000 ಅಂತಲೇ ತೋರಿಸುತ್ತಿತ್ತು. ಒಂದು ವಾರ ಆಪರೇಟರ್ ಮೇಲೆ ರೇಗಾಡಿದೆ, ಪಾಪ, ಅವನದೇನೂ ತಪ್ಪಿರಲಿಲ್ಲ.

ಪ್ಲೇಟ್ ಹೊತ್ತು ಸರಿಯುವ ಟೇಬಲ್ ಎಲ್ಲಿದೆ ಎಂದು ಆ ಮೆಷಿನ್ ಅಳೆಯುತ್ತಲೇ ಇರಲಿಲ್ಲ. ಸುತ್ತು ಎಣಿಸುವ ಎನ್‌ಕೋಡರ್ ಇದ್ದದ್ದು ಮೋಟಾರಿನ ಹಿಂದೆ. ಒಂದು ಸುತ್ತಿಗೆ 2,500 ಗೆರೆ, ಗೆರೆಗೆ ನಾಲ್ಕು ಎಣಿಕೆ, ಒಟ್ಟು 10,000. ಟೇಬಲನ್ನು ತಳ್ಳುವ ಬಾಲ್ ಸ್ಕ್ರೂ ಒಂದು ಸುತ್ತಿನಲ್ಲಿ ಸರಿಸುವ ದೂರ (ಪಿಚ್) 10 ಮಿಮೀ, ಹಾಗಾಗಿ ಎಣಿಕೆಗೆ 1 ಮೈಕ್ರಾನ್. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ ಅದು ಎಣಿಸುವುದು ಸುತ್ತನ್ನು, ಟೇಬಲ್ ಎಲ್ಲಿದೆ ಅನ್ನುವುದನ್ನಲ್ಲ. ಬಾಲ್ ಸ್ಕ್ರೂ ಮುಟ್ಟಿ ನೋಡಿದರೆ ಬೆಚ್ಚಗಿತ್ತು, ಥರ್ಮಾಮೀಟರ್ ಇಟ್ಟಾಗ ಬೆಳಗಿಗಿಂತ 6 ಡಿಗ್ರಿ ಹೆಚ್ಚು. ಉಕ್ಕು ಒಂದು ಡಿಗ್ರಿಗೆ ಮೀಟರಿಗೆ ಸುಮಾರು 11 ಮೈಕ್ರಾನ್ ಹಿಗ್ಗುತ್ತದೆ. 400 ಮಿಮೀಗೆ ಲೆಕ್ಕ ಹಾಕಿ, 26 ಬರುತ್ತದೆ. ಕಳ್ಳ ಸಿಕ್ಕ.

ಅದಕ್ಕೆ ಟೇಬಲ್ ಪಕ್ಕಕ್ಕೇ ಗಾಜಿನ ಲೀನಿಯರ್ ಸ್ಕೇಲ್ ಹಾಕಿದೆ. ಗಾಜಿನ ಮೇಲೆ 20 ಮೈಕ್ರಾನಿಗೊಂದು ಗೆರೆ. ರೀಡಿಂಗ್ ಹೆಡ್ಡಿನೊಳಗೆ ಅದೇ ಅಂತರದ ಗೆರೆ ಇರುವ ಇನ್ನೊಂದು ಪುಟ್ಟ ಗಾಜು, ಒಂದು ಕಡೆ ಎಲ್‌ಇಡಿ, ಇನ್ನೊಂದು ಕಡೆ ಫೋಟೊ ಡಯೋಡ್. ಟೇಬಲ್ ಸರಿದಂತೆ ಗೆರೆ ಮೇಲೆ ಗೆರೆ ಬಂದಾಗ ಬೆಳಕು ತೂರುತ್ತದೆ, ಗೆರೆ ಸಂದಿಗೆ ಬಂದಾಗ ಮುಚ್ಚಿಹೋಗುತ್ತದೆ, ಹೊರಗೆ ಸೈನ್ ಅಲೆ ಬರುತ್ತದೆ. ಕಾಲು ಗೆರೆಯಷ್ಟು, ಅಂದರೆ 5 ಮೈಕ್ರಾನ್ ಪಕ್ಕಕ್ಕೆ ಸರಿಸಿದ ಕಿಂಡಿಯಿಂದ ಇನ್ನೊಂದು ಅಲೆ. ಎರಡರಲ್ಲಿ ಯಾವುದು ಮುಂದಿದೆ ಎಂದು ನೋಡಿದರೆ ದಿಕ್ಕು ಗೊತ್ತಾಗುತ್ತದೆ, ಎರಡರ ಎತ್ತರ ಹೋಲಿಸಿದರೆ ಗೆರೆಯೊಳಗೆ ಎಲ್ಲಿದ್ದೀವಿ ಅನ್ನುವುದು ಗೊತ್ತಾಗುತ್ತದೆ. 20 ಮೈಕ್ರಾನ್ ಗೆರೆಯಿಂದ 1 ಮೈಕ್ರಾನಿಗಿಂತ ಕಡಿಮೆ ಓದುವುದು ಹೀಗೆ.

ಕೂರಿಸುವುದೇ ದೊಡ್ಡ ಕೆಲಸ. ಅಳೆಯುವ ಡಯಲ್ ಹಚ್ಚಿ, ಇಡೀ ಉದ್ದಕ್ಕೆ ಟೇಬಲ್ ಜಾರುವ ಗೈಡ್‌ವೇಗೆ 0.1 ಮಿಮೀ ಒಳಗೆ ಸಮ ಮಾಡಿದೆ, ಅರ್ಧ ದಿನ ಹಿಡಿಯಿತು. ರಬ್ಬರ್ ತುಟಿ ಇರುವ ಬದಿ ಕೆಳಗೆ ಬರುವಂತೆ ಹಾಕಬೇಕು, ಇಲ್ಲದಿದ್ದರೆ ಕೂಲೆಂಟ್ (ಕೊರೆಯುವಾಗ ಸುರಿಯುವ ತಂಪು ದ್ರವ) ನೇರ ಒಳಗೆ.

ಮೊದಲ ಸಲ ಆನ್ ಮಾಡಿದಾಗ ಟೇಬಲ್ ಸುಮ್ನೆ ಒಂದು ಕಡೆಗೆ ಓಡಿತು. ಎಮರ್ಜೆನ್ಸಿ ಸ್ವಿಚ್ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದೆ, ಬದುಕಿದೆ. ಸಿಗ್ನಲ್ ವೈರ್ ನಾನು ಅದಲುಬದಲು ಮಾಡಿದ್ದೆ. ಟೇಬಲ್ ಬಲಕ್ಕೆ ಹೋದರೆ ಕಂಟ್ರೋಲರಿಗೆ ಎಡಕ್ಕೆ ಹೋದಂತೆ ಕಾಣುತ್ತಿತ್ತು, ಅದು ಇನ್ನೂ ಬಲಕ್ಕೆ ತಳ್ಳುತ್ತಿತ್ತು. ಅದು ಸರಿಯಾದ ಮೇಲೆ ನಡುಕ ಶುರು. ಸ್ಕ್ರೂನಲ್ಲಿ ಸ್ವಲ್ಪ ಬ್ಯಾಕ್‌ಲ್ಯಾಶ್, ಅಂದರೆ ದಿಕ್ಕು ಬದಲಿಸುವಾಗಿನ ಸಡಿಲ, ಇತ್ತು. ವೇಗಕ್ಕೆ ಮೋಟಾರಿನ ಎನ್‌ಕೋಡರನ್ನೇ ಉಳಿಸಿ, ಪೊಸಿಷನ್ನಿಗೆ ಮಾತ್ರ ಸ್ಕೇಲ್ ಕೊಟ್ಟು, ಗೇನ್ (ತಪ್ಪು ಕಂಡಾಗ ಕಂಟ್ರೋಲರ್ ಎಷ್ಟು ಜೋರಾಗಿ ತಿದ್ದುತ್ತದೆ ಅನ್ನುವುದು) ಕೊಂಚ ಇಳಿಸಿದೆ. ನಿಂತಿತು.

ಕೆಲವು ತಿಂಗಳ ನಂತರ ಒಂದು ದಿನ ಎನ್‌ಕೋಡರ್ ಅಲಾರಂ. ಸ್ಕೇಲಿನ ಎರಡೂ ಅಲೆಗಳನ್ನು ಆಸಿಲೋಸ್ಕೋಪಿನ (ಅಲೆ ತೋರಿಸುವ ಉಪಕರಣ) ಎಕ್ಸ್-ವೈ ಮೋಡಿಗೆ ಕೊಟ್ಟೆ, ಅಲ್ಲಿ ಒಂದು ಅಲೆ ಅಡ್ಡಕ್ಕೆ, ಇನ್ನೊಂದು ಮೇಲೆ-ಕೆಳಗೆ ಎಳೆಯುತ್ತದೆ. ಎಲ್ಲ ಸರಿ ಇದ್ದರೆ ದುಂಡಗಿನ ಚಕ್ರ ಕಾಣಬೇಕು. ಮೊಟ್ಟೆಯಾಕಾರ ಆದರೆ ಪ್ರತಿ 20 ಮೈಕ್ರಾನಿನೊಳಗೆ ಓದು ಸ್ವಲ್ಪ ಆಚೀಚೆ ಆಗುತ್ತದೆ. ನನ್ನದು ದುಂಡಗೇ ಇತ್ತು, ಆದರೆ ಮಧ್ಯದ ಹತ್ತು ಸೆಂಟಿಮೀಟರಿನಲ್ಲಿ ಅರ್ಧಕ್ಕರ್ಧ ಕುಗ್ಗುತ್ತಿತ್ತು. ಬಿಚ್ಚಿದರೆ ಗಾಜಿನ ಮೇಲೆ ಎಣ್ಣೆಯ ಪದರ. ಧೂಳು ಬರದಿರಲಿ ಎಂದು ನಾನೇ ಊದಿಸುತ್ತಿದ್ದ ಕಂಪ್ರೆಸರ್ ಗಾಳಿಯಲ್ಲೇ ಎಣ್ಣೆ ಬರುತ್ತಿತ್ತು! ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಒಳ್ಳೆಯ ಫಿಲ್ಟರ್ ಹಾಕಿದೆ. ಫಿಲ್ಟರ್ ಮೊದಲೇ ಹಾಕಬೇಕಿತ್ತು, ಜಿಪುಣತನ.

ಈಗ ಮಧ್ಯಾಹ್ನದ ಪ್ಲೇಟೂ ಬೆಳಗಿನದಕ್ಕೆ 5 ಮೈಕ್ರಾನ್ ಒಳಗೆ ಕೂಡುತ್ತದೆ, ಅದೂ ಕೆಲಸ ಟೇಬಲ್ ಹತ್ತಿರ ತಗ್ಗಿನಲ್ಲಿದ್ದರೆ. ಸ್ಕೇಲಿಗಿಂತ 250 ಮಿಮೀ ಮೇಲೆ ಟೂಲ್ ಇದ್ದಾಗ ಟೇಬಲ್ 10 ಆರ್ಕ್‌ಸೆಕೆಂಡ್ (ಕೋನದ ಒಂದು ಡಿಗ್ರಿಯಲ್ಲಿ ಇಂಥವು 3,600) ವಾಲಿದರೂ ಅಲ್ಲಿ 12 ಮೈಕ್ರಾನ್ ತಪ್ಪುತ್ತದೆ, ಗಾಜಿಗೆ ಅದು ಕಾಣುವುದೇ ಇಲ್ಲ. ಎತ್ತರದ ಫಿಕ್ಸ್ಚರ್ (ಕೆಲಸದ ತುಂಡನ್ನು ಹಿಡಿದಿಡುವ ಚೌಕಟ್ಟು) ಬಂದರೆ ಇವತ್ತಿಗೂ ಸ್ಲಿಪ್ ಗೇಜ್ (ನಿಖರ ಅಳತೆಯ ತುಂಡು), ಡಯಲ್ ಹಿಡಿದು ಟೂಲಿನ ಎತ್ತರದಲ್ಲೇ ನೋಡುತ್ತೇನೆ.