ಅಪ್ಪಯ್ಯನ ಮಳೆ ಲೆಕ್ಕ, ಜಾಗ ತಪ್ಪಿದ ಅರ್ಕಾವತ್ತು

ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಅಪ್ಪಯ್ಯ ವರ್ಷಗಟ್ಟಲೆ ಮಳೆ ಲೆಕ್ಕ ಟೈಪ್ ಮಾಡಿಟ್ಟಿದ್ದಾರೆ. ಎಲ್ಲವೂ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೇ ಫಾಂಟಿನಲ್ಲಿ. ಈ ಮಳೆಗಾಲ ಆ ಕಂಪ್ಯೂಟರ್ ಆನ್ ಆಗಲಿಲ್ಲ, ಬರೀ ಬೀಪ್ ಸದ್ದು. ರ‍್ಯಾಮ್ (ಮೆಮೊರಿ ಪಟ್ಟಿ) ತೆಗೆದು, ಅದರ ಹೊಳೆಯುವ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಹಾಕಿದೆ. ಆನ್ ಆಯ್ತು. ಮಲೆನಾಡಿನ ತೇವಕ್ಕೆ ಇದೊಂದು ಮಾಮೂಲಿ ಕಾಟ.

ನಿಜವಾದ ಕಷ್ಟ ಆಮೇಲೆ. ಕಡತಗಳನ್ನು ಈಗಿನ ಫೋನು, ಕಂಪ್ಯೂಟರುಗಳೆಲ್ಲ ಓದುವ ಯುನಿಕೋಡ್‌ಗೆ ಬದಲಿಸಲು ಪೈಥಾನ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಮೊದಲ ಸಾಲಿನಲ್ಲೇ ನಮ್ಮೂರು ‘ತೀಥರ್ಹಳ್ಳಿ’ ಆಗಿತ್ತು! ನೋಡಿ ಹೊಟ್ಟೆ ಉರಿಯಿತು.

ಕಾರಣ ಇಷ್ಟೇ. ಹಳೇ ಫಾಂಟಿನಲ್ಲಿ ಅರ್ಕಾವತ್ತು ನಾವು ಕೈಯಲ್ಲಿ ಬರೆಯುವ ಹಾಗೆ ಅಕ್ಷರದ ನಂತರ ಬರುತ್ತದೆ. ಯುನಿಕೋಡ್‌ನಲ್ಲಿ ಉಚ್ಚಾರದ ಕ್ರಮ: ಮೊದಲು ರ, ಆಮೇಲೆ ್ (ಅಕ್ಷರದ ಸ್ವರ ತೆಗೆಯುವ ಚಿಹ್ನೆ), ಆಮೇಲೆ ಥ. ಸರಿ, ಅರ್ಕಾವತ್ತನ್ನು ಒಂದು ಹೆಜ್ಜೆ ಹಿಂದೆ ಸರಿಸಿದೆ. ತೀರ್ಥಹಳ್ಳಿ ಸರಿಯಾಯ್ತು, ‘ಆರ್ದ್ರಾ’ ಕೆಟ್ಟಿತು. ಮಳೆ ಲೆಕ್ಕದಲ್ಲಿ ಆರ್ದ್ರಾ ಮಳೆಯೇ ತಪ್ಪಿದರೆ ಹೇಗೆ, ಅಲ್ವಾ? ಅಲ್ಲಿ ದ, ಅದರ ಒತ್ತು, ದೀರ್ಘ ಮೂರನ್ನೂ ದಾಟಬೇಕು. ಕೊನೆಗೆ ಹೀಗೆ ಮಾಡಿದೆ: ಹಿಂದಕ್ಕೆ ಹೋಗುತ್ತಾ ಮೊದಲು ಸ್ವರಚಿಹ್ನೆ ದಾಟು, ಆಮೇಲೆ ವ್ಯಂಜನ, ಅದರ ಹಿಂದೆ ್ ಇದ್ದರೆ ಇನ್ನೊಂದು ವ್ಯಂಜನವನ್ನೂ ದಾಟು. ಅಲ್ಲಿ ‘ರ್’ ಇಡು.

ಮೂಲ ಕಡತ ಮುಟ್ಟಬೇಡಿ, ನಕಲಿನ ಮೇಲೆ ಮಾಡಿ. ರಾತ್ರಿ ಅಪ್ಪಯ್ಯನ ಫೋನಿನಲ್ಲೇ ತೆರೆದು ತೋರಿಸಿದೆ. ಕನ್ನಡಕ ಹಾಕಿಕೊಂಡು ಆರ್ದ್ರಾ ಮಳೆಯ ಸಾಲುಗಳನ್ನು ಒಂದೊಂದೇ ಓದಿದರು.