ಬಟ್ಟಲಿನಲ್ಲಿರುವುದರ ಲೆಕ್ಕ ಮೊದಲು: ನಾಯಿಯ ಆಹಾರ, ಪೂರಕಗಳ ಆಯ್ಕೆಯಲ್ಲಿ ನನ್ನ ಅನುಭವ

ನಾನು ಎರಡು ನಾಯಿಗಳನ್ನು ಸಾಕುತ್ತಿದ್ದೇನೆ. ಒಂದು, ಸಂತಾನಹರಣ ಶಸ್ತ್ರಚಿಕಿತ್ಸೆಯಾಗಿರುವ, ವಯಸ್ಸಿನ ಇಳಿಜಾರಿನಲ್ಲಿರುವ 20 ಕೆ.ಜಿ. ತೂಕದ ಹೆಣ್ಣು ನಾಯಿ. ಇನ್ನೊಂದು, ಬೆಳೆದ ಮೇಲೆ 35 ಕೆ.ಜಿ. ದಾಟಬಹುದಾದ ದೊಡ್ಡ ತಳಿಯ ಗಂಡು ಮರಿ. ಒಂದಕ್ಕೆ ಕೀಲುನೋವು, ಮತ್ತೊಂದಕ್ಕೆ ಮೂಳೆ ಬೆಳೆಯುವ ವಯಸ್ಸು. ಹೀಗಿರುವಾಗ ಮಾತ್ರೆ, ಪುಡಿ, ಸಿರಪ್ಪುಗಳ ಸಲಹೆ ಕೊಡುವವರಿಗೆ ಬರವಿರಲಿಲ್ಲ. ನಮ್ಮ ಪಶುವೈದ್ಯರು ಮಾತ್ರ ಯಾವುದನ್ನೂ ಬರೆದುಕೊಡದೆ, "ದಿನಕ್ಕೆ ಏನೇನು ಹಾಕ್ತೀರಿ ಅನ್ನೋದನ್ನ ತೂಕದ ಸಮೇತ ಬರ್ಕೊಂಡು ಬನ್ನಿ, ಆಮೇಲೆ ಮಾತ್ರೆ ವಿಷಯ ಮಾತಾಡೋಣ" ಎಂದರು. ಅಂದಿನಿಂದ ನಾನು ಪಾಲಿಸುತ್ತಿರುವುದು ಅದೊಂದೇ ಕ್ರಮ: ಬಟ್ಟಲಿನಲ್ಲಿ ಈಗಾಗಲೇ ಏನಿದೆ, ಎಷ್ಟಿದೆ ಎಂಬ ಲೆಕ್ಕ ಸಿಗುವವರೆಗೆ ಅದಕ್ಕೆ ಹೊಸದಾಗಿ ಏನನ್ನೂ ಸೇರಿಸುವುದಿಲ್ಲ.

ಲೆಕ್ಕ ಶುರುವಾಗಬೇಕಾದದ್ದು ನಾಯಿಯ ಮೈಯಿಂದ. ಪಶುವೈದ್ಯರು ದೇಹಸ್ಥಿತಿಯನ್ನು 1ರಿಂದ 9ರವರೆಗಿನ ಅಂಕಗಳಲ್ಲಿ ಅಳೆಯುತ್ತಾರೆ. 4 ಅಥವಾ 5 ಬಂದರೆ ಸರಿಯಾದ ಮೈಕಟ್ಟು. ಇದನ್ನು ಮನೆಯಲ್ಲೇ ನೋಡಿಕೊಳ್ಳುವ ವಿಧಾನ ಸರಳವಾಗಿದೆ. ನಾಯಿಯ ಪಕ್ಕೆಗಳ ಮೇಲೆ ಬೆರಳುಗಳನ್ನು ಹಗುರವಾಗಿ ಆಡಿಸಬೇಕು. ನಮ್ಮದೇ ಅಂಗೈಯನ್ನು ಕೆಳಮುಖ ಮಾಡಿ ಚಾಚಿ, ಅದರ ಹಿಂಬದಿಯ ಗೆಣ್ಣುಗಳನ್ನು ಸವರಿದಾಗ ಹೇಗೆ ಅನ್ನಿಸುತ್ತದೋ ಪಕ್ಕೆಲುಬುಗಳೂ ಹಾಗೆಯೇ ಸಿಕ್ಕರೆ ಸರಿ. ಮುಷ್ಟಿ ಬಿಗಿದಾಗಿನ ಗೆಣ್ಣುಗಳಂತೆ ಎದ್ದು ಸಿಕ್ಕರೆ ನಾಯಿ ಬಡಕಲಾಗಿದೆ. ಮೇಲ್ಮುಖವಾದ ಅಂಗೈಯ ಬುಡದಂತೆ ಮೆತ್ತಗಿದ್ದು, ಒತ್ತಿದರೆ ಮಾತ್ರ ಎಲುಬು ತಿಳಿಯುವಂತಿದ್ದರೆ ಕೊಬ್ಬು ಹೆಚ್ಚಾಗಿದೆ. ದಟ್ಟ ಕೂದಲಿನ ನಾಯಿಗಳಲ್ಲಿ ಕಣ್ಣನ್ನು ನಂಬುವಂತಿಲ್ಲವಾದ್ದರಿಂದ ಕೈಯಿಂದಲೇ ನೋಡಬೇಕು.

ಮೈತೂಕಕ್ಕೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. 48 ಲ್ಯಾಬ್ರಡಾರ್ ನಾಯಿಗಳನ್ನು ಮರಿಯಾಗಿದ್ದಾಗಿನಿಂದ ಜೀವಮಾನವಿಡೀ ಗಮನಿಸಿದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಅದರಲ್ಲಿ ಜೊತೆಯ ನಾಯಿಗಿಂತ ಶೇ. 25ರಷ್ಟು ಕಡಿಮೆ ಆಹಾರ ಪಡೆದವುಗಳ ಮಧ್ಯಾಂಕ ಆಯಸ್ಸು (ಅರ್ಧದಷ್ಟು ನಾಯಿಗಳು ದಾಟಿದ ವಯಸ್ಸು) 13 ವರ್ಷ, ಉಳಿದವುಗಳದ್ದು 11.2 ವರ್ಷ. ತೆಳ್ಳಗಿದ್ದ ನಾಯಿಗಳಲ್ಲಿ ಕೀಲುವಾತವೂ ತಡವಾಗಿ ಕಾಣಿಸಿಕೊಂಡಿತು. ಕೀಲಿಗೆಂದು ಯಾವ ಡಬ್ಬಿ ಕೊಳ್ಳಲಿ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಈ ಅಧ್ಯಯನದ ವಿಷಯವನ್ನೇ.

ಎಷ್ಟು ಹಾಕಬೇಕು ಎಂಬುದಕ್ಕೆ ಪಶುವೈದ್ಯರು ಬಳಸುವ ಸೂತ್ರವೊಂದಿದೆ. ನಾಯಿಯ ತೂಕವನ್ನು ಕೆ.ಜಿ.ಯಲ್ಲಿ ತೆಗೆದುಕೊಂಡು, ಅದರ 0.75ನೆಯ ಘಾತವನ್ನು 70ರಿಂದ ಗುಣಿಸಿದರೆ ವಿಶ್ರಾಂತ ಸ್ಥಿತಿಯಲ್ಲಿ ಅದಕ್ಕೆ ಒಂದು ದಿನಕ್ಕೆ ಬೇಕಾಗುವ ಕಿಲೋಕ್ಯಾಲೊರಿ ದೊರೆಯುತ್ತದೆ. 20 ಕೆ.ಜಿ.ಯ ನಾಯಿಗೆ ಇದು ಸುಮಾರು 660. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ವಯಸ್ಕ ನಾಯಿಗಾದರೆ ಇದನ್ನು ಮತ್ತೆ 1.6ರಿಂದ ಗುಣಿಸಬೇಕು, ಅಂದರೆ ಸುಮಾರು 1,060. ಬಿಸ್ಕತ್ತು, ಟ್ರೀಟ್, ಊಟದ ತುಣುಕು, ಎಲ್ಲ ಸೇರಿ ಇದರಲ್ಲಿ ಹತ್ತನೆಯ ಒಂದು ಭಾಗವನ್ನು ಮೀರಬಾರದು. ಉಳಿದ 950ರಷ್ಟನ್ನು 100 ಗ್ರಾಂಗೆ 380 ಕಿಲೋಕ್ಯಾಲೊರಿ ಇರುವ ಒಣ ಆಹಾರದಿಂದ ಒದಗಿಸಿದರೆ ದಿನಕ್ಕೆ 250 ಗ್ರಾಂ ಆಯಿತು. ಇದು ಆರಂಭದ ಅಂಕಿ ಮಾತ್ರ; ಒಂದೇ ತೂಕದ ಎರಡು ನಾಯಿಗಳ ಅಗತ್ಯದಲ್ಲಿ ಬಹಳ ವ್ಯತ್ಯಾಸವಿರುತ್ತದೆ. ನಮ್ಮ ಹೆಣ್ಣು ನಾಯಿಗೆ ಇದಕ್ಕಿಂತ ಕಡಿಮೆಯೇ ಸಾಕು ಎಂಬುದು ಅದರ ಪಕ್ಕೆ ಮುಟ್ಟಿ ನೋಡುತ್ತಾ, ತೂಕ ಬರೆದಿಡುತ್ತಾ ಹೋದಂತೆ ತಿಳಿಯಿತು. ಆಹಾರವನ್ನು ಲೋಟದಲ್ಲಿ ಅಳೆಯುವುದಕ್ಕಿಂತ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗುವುದು ಎಷ್ಟೋ ಉತ್ತಮ. ಲೋಟ ತುಂಬುವ ಕೈ ಬದಲಾದರೆ ಅಳತೆಯೂ ಬದಲಾಗುತ್ತದೆ.

ಇನ್ನು ಲೇಬಲ್ ಓದುವ ವಿಚಾರ. ಚೀಲದ ಮುಂಭಾಗದ ಚಿತ್ರಗಳನ್ನು ಬಿಟ್ಟು ನಾನು ಮೊದಲು ಹುಡುಕುವುದು, ಹಿಂಭಾಗದಲ್ಲಿ ಸಣ್ಣ ಅಕ್ಷರಗಳಲ್ಲಿರುವ ಒಂದು ವಾಕ್ಯವನ್ನು: ಈ ಆಹಾರ "ಸಂಪೂರ್ಣ ಮತ್ತು ಸಮತೋಲಿತ" ಹೌದೋ ಅಲ್ಲವೋ, ಹೌದಾದರೆ ಜೀವನದ ಯಾವ ಹಂತಕ್ಕೆ ಎಂಬುದು. ಅಮೆರಿಕದಲ್ಲಿ ಆಫ್ಕೋ ಎಂಬ ಪಶು ಆಹಾರ ನಿಯಂತ್ರಣಾಧಿಕಾರಿಗಳ ಸಂಘವೂ, ಯೂರೋಪಿನಲ್ಲಿ ಫೆಡಿಯಾಫ್ ಎಂಬ ಸಾಕುಪ್ರಾಣಿ ಆಹಾರ ತಯಾರಕರ ಒಕ್ಕೂಟವೂ ಪೋಷಕಾಂಶಗಳ ಕನಿಷ್ಠ ಮಟ್ಟಗಳನ್ನು ಪ್ರಕಟಿಸುತ್ತವೆ. ಬೇರೆ ದೇಶಗಳ ತಯಾರಕರಲ್ಲಿಯೂ ಹಲವರು ಇವನ್ನೇ ಅನುಸರಿಸುತ್ತಾರೆ. ಆಫ್ಕೋ ಪ್ರಕಾರ ನೀರಿನಂಶ ಕಳೆದು ನೋಡಿದಾಗ ವಯಸ್ಕ ನಾಯಿಯ ಆಹಾರದಲ್ಲಿ ಕನಿಷ್ಠ ಶೇ. 18, ಬೆಳೆಯುವ ಮರಿಯ ಆಹಾರದಲ್ಲಿ ಶೇ. 22.5 ಪ್ರೋಟೀನ್ ಇರಬೇಕು. "ಪೂರಕ ಬಳಕೆಗೆ ಮಾತ್ರ" ಎಂದು ಬರೆದಿರುವ ಡಬ್ಬಿ ಎಷ್ಟೇ ದುಬಾರಿಯದಾದರೂ ಅದು ನಿತ್ಯದ ಊಟವಾಗಲಾರದು.

ನೀರಿನಂಶ ಕಳೆದು ನೋಡುವುದು ಏಕೆ ಮುಖ್ಯವೆಂದರೆ, ಶೇ. 78 ತೇವಾಂಶವಿರುವ ಡಬ್ಬಿ ಆಹಾರದ ಮೇಲೆ ಪ್ರೋಟೀನ್ ಶೇ. 8 ಎಂದಿರುತ್ತದೆ, ಶೇ. 10 ತೇವಾಂಶವಿರುವ ಒಣ ಆಹಾರದ ಮೇಲೆ ಶೇ. 26 ಎಂದಿರುತ್ತದೆ. ಮೇಲುನೋಟಕ್ಕೆ ಒಣ ಆಹಾರವೇ ಗಟ್ಟಿ. ಆದರೆ 8ನ್ನು 22ರಿಂದ ಭಾಗಿಸಿದರೆ ಶೇ. 36 ಬರುತ್ತದೆ, 26ನ್ನು 90ರಿಂದ ಭಾಗಿಸಿದರೆ ಶೇ. 29ರಷ್ಟೇ ಬರುತ್ತದೆ. ಪದಾರ್ಥಗಳ ಪಟ್ಟಿಯಲ್ಲಿಯೂ ಇದೇ ನೀರಿನ ಪ್ರಶ್ನೆ ಎದುರಾಗುತ್ತದೆ. ಪಟ್ಟಿಯಲ್ಲಿನ ಕ್ರಮ ತಯಾರಿಕೆಗೆ ಮುಂಚಿನ ತೂಕವನ್ನು ಅನುಸರಿಸುವುದರಿಂದ, ಸುಮಾರು ಮುಕ್ಕಾಲು ಭಾಗ ನೀರೇ ಇರುವ ಹಸಿ ಕೋಳಿಮಾಂಸ ಮೊದಲ ಸ್ಥಾನದಲ್ಲಿರುತ್ತದೆ. ಒಣಗಿಸಿದ ಮಾಂಸದ ಪುಡಿ ಮೂರನೆಯ ಸ್ಥಾನದಲ್ಲಿದ್ದರೂ ಅದಕ್ಕಿಂತ ಹೆಚ್ಚು ಪ್ರೋಟೀನ್ ಒದಗಿಸಬಹುದು. ಹಾಗಾಗಿ ನಾನು ಪಟ್ಟಿಗಿಂತ ವಿಶ್ಲೇಷಣೆಯ ಅಂಕಿಗಳನ್ನೇ ನಂಬುತ್ತೇನೆ. ಕ್ಯಾಲ್ಸಿಯಂ ಪ್ರಮಾಣವಾಗಲಿ, 100 ಗ್ರಾಂನಲ್ಲಿರುವ ಕ್ಯಾಲೊರಿಯಾಗಲಿ ಚೀಲದ ಮೇಲೆ ಇಲ್ಲದಿದ್ದರೆ ತಯಾರಕರಿಗೆ ಬರೆದು ಕೇಳುತ್ತೇನೆ. ಉತ್ತರ ಕೊಡದವರ ಆಹಾರವನ್ನು ಕೊಳ್ಳುವುದಿಲ್ಲ.

ಧಾನ್ಯರಹಿತ ಆಹಾರವೇ ಶ್ರೇಷ್ಠ ಎಂಬ ನಂಬಿಕೆಯನ್ನು ನಾನು ಒಪ್ಪಲಿಲ್ಲ. ಪಿಷ್ಟವನ್ನು ಅರಗಿಸುವ ಕಿಣ್ವಕ್ಕೆ ಸಂಬಂಧಿಸಿದ ಜೀನಿನ ಪ್ರತಿಗಳು ತೋಳಗಳಿಗಿಂತ ನಾಯಿಗಳಲ್ಲಿ ಹಲವು ಪಟ್ಟು ಹೆಚ್ಚಿವೆ ಎಂಬುದನ್ನು 2013ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಬೆಂದ ಧಾನ್ಯ ನಾಯಿಯ ಹೊಟ್ಟೆಗೆ ಪರಕೀಯವಲ್ಲ. ಬಟಾಣಿ, ಬೇಳೆಕಾಳುಗಳನ್ನು ಹೆಚ್ಚಾಗಿ ಬಳಸಿದ ಧಾನ್ಯರಹಿತ ಆಹಾರಕ್ಕೂ ಹೃದಯದ ಸ್ನಾಯು ಹಿಗ್ಗುವ ಕಾಯಿಲೆಗೂ ನಂಟಿರಬಹುದೇ ಎಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2018ರಲ್ಲಿ ತನಿಖೆ ಆರಂಭಿಸಿತು. ಅದೇ ಕಾರಣವೆಂದು ಸಾಬೀತಾಗಿಲ್ಲ. ಹಾಗಿದ್ದರೂ, ವಿಶೇಷ ಲಾಭವೇನೂ ಇಲ್ಲದ ಕಡೆ ಅಂಥ ಅನುಮಾನವನ್ನು ಏಕೆ ಮೈಮೇಲೆ ಎಳೆದುಕೊಳ್ಳಬೇಕು?

ಮರಿಯ ವಿಷಯದಲ್ಲಿ ನಾನು ಅತ್ಯಂತ ಎಚ್ಚರ ವಹಿಸಿದ್ದು ಕ್ಯಾಲ್ಸಿಯಂ ಬಗ್ಗೆ. ದೊಡ್ಡ ತಳಿಯ ಮರಿಗೆ ಮೂಳೆ ಗಟ್ಟಿಯಾಗಲೆಂದು ಕ್ಯಾಲ್ಸಿಯಂ ಸಿರಪ್ ಹಾಕುವುದು ಸಾಮಾನ್ಯ ರೂಢಿ. ಆದರೆ ಎಳೆಯ ಮರಿಯ ಕರುಳು ಬೇಡದ ಕ್ಯಾಲ್ಸಿಯಮ್ಮನ್ನು ತಡೆಯುವುದರಲ್ಲಿ ವಯಸ್ಕ ನಾಯಿಯಷ್ಟು ಸಮರ್ಥವಲ್ಲ. ಕೊಟ್ಟಿದ್ದರಲ್ಲಿ ದೊಡ್ಡ ಪಾಲು ರಕ್ತಕ್ಕೆ ಸೇರುತ್ತದೆ, ಮೂಳೆ ಮತ್ತು ಮೃದ್ವಸ್ಥಿಯ ಬೆಳವಣಿಗೆ ಹದ ತಪ್ಪುತ್ತದೆ. ಗ್ರೇಟ್ ಡೇನ್ ಮರಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಇದು ಸ್ಪಷ್ಟವಾಗಿ ಕಂಡುಬಂದಿದೆ. ಅದಕ್ಕಾಗಿಯೇ ಆಫ್ಕೋ, ವಯಸ್ಕವಾದಾಗ ಸುಮಾರು 32 ಕೆ.ಜಿ. ಅಥವಾ ಅದಕ್ಕಿಂತ ಹೆಚ್ಚು ತೂಗುವ ತಳಿಗಳ ಮರಿಗಳಿಗೆ ನೀರಿನಂಶ ಕಳೆದ ಲೆಕ್ಕದಲ್ಲಿ ಕನಿಷ್ಠ ಶೇ. 1.2, ಗರಿಷ್ಠ ಶೇ. 1.8 ಕ್ಯಾಲ್ಸಿಯಂ ಎಂದು ಮಿತಿ ಹಾಕಿದೆ.

ನಾನು ಹಾಕಿದ ಲೆಕ್ಕವನ್ನು ಇಲ್ಲಿ ಇಡುತ್ತೇನೆ. ಮರಿ ದಿನಕ್ಕೆ 300 ಗ್ರಾಂ ಒಣ ಆಹಾರ ತಿನ್ನುತ್ತದೆ ಎನ್ನೋಣ. ಲೇಬಲ್ ಪ್ರಕಾರ ಅದರಲ್ಲಿ ಶೇ. 1.2 ಕ್ಯಾಲ್ಸಿಯಂ, ಅಂದರೆ 3.6 ಗ್ರಾಂ. ತೇವಾಂಶ ಶೇ. 10 ಕಳೆದರೆ ಉಳಿಯುವುದು 270 ಗ್ರಾಂ, ಅದರಲ್ಲಿ 3.6 ಗ್ರಾಂ ಎಂದರೆ ಶೇ. 1.33, ಮಿತಿಯೊಳಗೇ ಇದೆ. ಇದರ ಮೇಲೆ ಒಂದು ಮೊಟ್ಟೆಚಿಪ್ಪಿನ ಪುಡಿ ಬೆರೆಸಿದರೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಹೆಚ್ಚಾಗಿ, ಒಟ್ಟು ಶೇ. 2 ದಾಟುತ್ತದೆ. ಪುಷ್ಟಿಗೆಂದು ಹಾಕಿದ ಆ ಒಂದು ಚಿಟಿಕೆಯೇ ಸರಿಯಿದ್ದ ಆಹಾರವನ್ನು ಕೆಡಿಸಿತು. ಈ ಲೆಕ್ಕ ಕೈಗೆ ಬಂದ ಮೇಲೆ ಸಿರಪ್ಪಿನ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.

ಮನೆಯಲ್ಲೇ ಬೇಯಿಸಿ ಹಾಕುವವರಿಗೆ ಪರಿಸ್ಥಿತಿ ತದ್ವಿರುದ್ಧ. ಎಲುಬಿಲ್ಲದ ಮಾಂಸದಲ್ಲಿ ರಂಜಕ (ಫಾಸ್ಫರಸ್) ಹೇರಳ, ಕ್ಯಾಲ್ಸಿಯಂ ಅತ್ಯಲ್ಪ; ನಾಯಿಗೆ ಬೇಕಾದದ್ದು ರಂಜಕದ ಒಂದು ಪಾಲಿಗೆ ಒಂದರಿಂದ ಎರಡು ಪಾಲು ಕ್ಯಾಲ್ಸಿಯಂ. ಅಲ್ಲಿ ಪೂರಕ ಅನಿವಾರ್ಯ. ಸತು, ತಾಮ್ರ, ವಿಟಮಿನ್ ಡಿ, ವಿಟಮಿನ್ ಇ ಕೂಡ ಸುಲಭವಾಗಿ ಕೊರತೆಯಾಗುತ್ತವೆ. ನಾಯಿಯ ಚರ್ಮ ಬಿಸಿಲಿನಿಂದ ಸಾಕಷ್ಟು ವಿಟಮಿನ್ ಡಿ ತಯಾರಿಸಲಾರದು, ಆಹಾರದಿಂದಲೇ ಬರಬೇಕು. ಪುಸ್ತಕ ಮತ್ತು ಅಂತರ್ಜಾಲದಿಂದ ಆಯ್ದ 200 ಮನೆಯಡುಗೆಯ ಪಾಕಗಳನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ತಜ್ಞರು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಶೇ. 95ರಷ್ಟರಲ್ಲಿ ಕನಿಷ್ಠ ಒಂದಾದರೂ ಅಗತ್ಯ ಪೋಷಕಾಂಶದ ಕೊರತೆಯಿತ್ತು. ನಿತ್ಯವೂ ಬೇಯಿಸಿ ಹಾಕಬೇಕೆಂದಿದ್ದರೆ ಪಶುವೈದ್ಯಕೀಯ ಪೋಷಣಾ ತಜ್ಞರಿಂದ ಪಾಕ ಬರೆಸಿಕೊಂಡು, ಅದರಲ್ಲಿ ಯಾವುದನ್ನೂ ಬದಲಿಸದೆ ಅನುಸರಿಸಬೇಕು. ನಾನು ಆ ದಾರಿ ಹಿಡಿಯಲಿಲ್ಲ. ಬೇಯಿಸಿದ ಮಾಂಸ, ಕುಂಬಳಕಾಯಿ, ಕ್ಯಾರೆಟ್ ಇವೆಲ್ಲ ನಮ್ಮ ನಾಯಿಗಳಿಗೆ ಆ ಹತ್ತನೆಯ ಒಂದು ಭಾಗದೊಳಗೇ ಸಿಗುತ್ತವೆ.

ಹೆಣ್ಣು ನಾಯಿಯ ಕೀಲುನೋವಿಗೆ ನಾನು ಉಳಿಸಿಕೊಂಡ ಪೂರಕ ಒಂದೇ, ಮೀನೆಣ್ಣೆ. ಕೀಲುಗಳಿಗೆಂದು ಮಾರುವ ಗ್ಲುಕೋಸಮೈನ್‌ಗೆ ಇರುವ ಪುರಾವೆ ದುರ್ಬಲ. ಇಪಿಎ ಮತ್ತು ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬಿನಾಮ್ಲಗಳಿಗೆ ಅದಕ್ಕಿಂತ ಗಟ್ಟಿಯಾದ ಆಧಾರವಿದೆ. ಕೊಳ್ಳುವಾಗ ಗಮನಿಸಬೇಕಾದದ್ದು ಎಣ್ಣೆಯ ತೂಕವನ್ನಲ್ಲ. 1,000 ಮಿಲಿಗ್ರಾಂ ಎಂದು ಬರೆದ ಸಾಮಾನ್ಯ ಗುಳಿಗೆಯ ಹಿಂಬದಿಯಲ್ಲಿ ಇಪಿಎ 180, ಡಿಎಚ್‌ಎ 120 ಎಂದಿರುತ್ತದೆ. ಕೆಲಸಕ್ಕೆ ಬರುವುದು ಆ 300 ಮಿಲಿಗ್ರಾಂ ಮಾತ್ರ. ವೈದ್ಯರು ಪ್ರಮಾಣ ಹೇಳಿದ್ದು ಈ ಲೆಕ್ಕದಲ್ಲಿಯೇ. ಪ್ರತಿ ಗುಳಿಗೆಯಲ್ಲಿ 9 ಕಿಲೋಕ್ಯಾಲೊರಿ ಇರುವುದರಿಂದ ಅಷ್ಟನ್ನು ಊಟದಲ್ಲಿ ಕಡಿಮೆ ಮಾಡುತ್ತೇನೆ. ಮುಗ್ಗಲು ವಾಸನೆ ಬಂದ ಎಣ್ಣೆಯನ್ನು ಎಸೆಯಬೇಕು. ಪ್ರಮಾಣ ಹೆಚ್ಚಾದರೆ ಭೇದಿಯಾಗುತ್ತದೆ, ರಕ್ತ ಹೆಪ್ಪುಗಟ್ಟುವುದು ನಿಧಾನವಾಗಬಹುದು. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಮೊದಲು ವೈದ್ಯರಿಗೆ ತಿಳಿಸುವುದು ಅಗತ್ಯ. ಇದರ ಬದಲಿಗೆ ಕಾಡ್ ಲಿವರ್ ಎಣ್ಣೆಯನ್ನು ಬಳಸಬಾರದು: ಅದರಲ್ಲಿ ವಿಟಮಿನ್ ಎ ಮತ್ತು ಡಿ ಸಾಂದ್ರವಾಗಿದ್ದು, ಇವೆರಡೂ ದೇಹದಲ್ಲಿ ಸಂಗ್ರಹವಾಗುತ್ತವೆ. ಅತಿಯಾದ ವಿಟಮಿನ್ ಡಿ ರಕ್ತದ ಕ್ಯಾಲ್ಸಿಯಮ್ಮನ್ನು ಏರಿಸಿ ಮೂತ್ರಪಿಂಡವನ್ನು ಹಾಳುಮಾಡುತ್ತದೆ.

ಸಂಪೂರ್ಣ ಆಹಾರ ತಿನ್ನುವ ನಾಯಿಗೆ ಮಲ್ಟಿವಿಟಮಿನ್ ಬೇಕಿಲ್ಲ. ಮನುಷ್ಯರ ಚೀಪುವ ಮಾತ್ರೆಗಳನ್ನಂತೂ ಮುಟ್ಟಿಸಲೇಬಾರದು. ಅವುಗಳಲ್ಲಿ ಕೆಲವದರಲ್ಲಿ ಸಿಹಿಗೆಂದು ಬಳಸುವ ಜೈಲಿಟಾಲ್ ನಾಯಿಯ ರಕ್ತದ ಸಕ್ಕರೆಯನ್ನು ಒಮ್ಮೆಲೇ ಕುಸಿಯುವಂತೆ ಮಾಡಿ ಯಕೃತ್ತಿಗೂ ಹಾನಿ ತರುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್, ಬೇಯಿಸಿದ ಮೂಳೆ ಇವೂ ನಿಷಿದ್ಧ.

ಆಹಾರ ಬದಲಿಸುವಾಗ ಏಳರಿಂದ ಹತ್ತು ದಿನಗಳಲ್ಲಿ ಹಳೆಯದನ್ನು ಇಳಿಸುತ್ತಾ ಹೊಸದನ್ನು ಏರಿಸುತ್ತೇನೆ. ಆ ಅವಧಿಯಲ್ಲಿ ಹೊಸ ಪೂರಕವನ್ನಾಗಲಿ, ಹೊಸ ಟ್ರೀಟನ್ನಾಗಲಿ ಕೊಡುವುದಿಲ್ಲ. ಎರಡನ್ನು ಒಟ್ಟಿಗೆ ಬದಲಿಸಿದರೆ ಭೇದಿಗೋ ತುರಿಕೆಗೋ ಯಾವುದು ಕಾರಣವೆಂದು ಹೇಳಲಾಗುವುದಿಲ್ಲ. ತೂಕ, ಪಕ್ಕೆಯ ಸ್ಥಿತಿ, ಮಲದ ಗಟ್ಟಿತನ ಎಲ್ಲವನ್ನೂ ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತೇನೆ.

ಈಗ ನನ್ನ ಮುಂದಿರುವುದು ಹೆಣ್ಣು ನಾಯಿಯನ್ನು "ಸೀನಿಯರ್" ಆಹಾರಕ್ಕೆ ಬದಲಿಸಬೇಕೇ ಎಂಬ ಪ್ರಶ್ನೆ. ಆಫ್ಕೋ ಮಾನದಂಡದಲ್ಲಿ ವೃದ್ಧಾಪ್ಯಕ್ಕೆಂದು ಪ್ರತ್ಯೇಕ ಹಂತವೇ ಇಲ್ಲದಿರುವುದರಿಂದ, ಆ ಹೆಸರಿನಡಿ ಒಬ್ಬೊಬ್ಬ ತಯಾರಕರು ಒಂದೊಂದು ರೀತಿಯ ಆಹಾರ ಮಾರುತ್ತಾರೆ. ಆರೋಗ್ಯವಾಗಿರುವ ಮುದಿ ನಾಯಿಗೆ ಸ್ನಾಯು ಕರಗದಂತೆ ಪ್ರೋಟೀನ್ ಬೇಕೇ ಬೇಕು. ಮೂತ್ರಪಿಂಡದ ಕಾಯಿಲೆಯಿದ್ದರೆ ರಂಜಕವನ್ನು ಮಿತಗೊಳಿಸಿದ ಚಿಕಿತ್ಸಾ ಆಹಾರವೇ ಬೇರೆ. ಇವೆರಡರಲ್ಲಿ ಯಾವುದೆಂದು ಚೀಲ ಹೇಳಲಾರದು. ಹಾಗಾಗಿ ಮೂತ್ರಪಿಂಡದ ಸ್ಥಿತಿ ತಿಳಿಯಲು ರಕ್ತದಲ್ಲಿ ಕ್ರಿಯಾಟಿನಿನ್ ಮತ್ತು ರಂಜಕ, ಮೂತ್ರದ ಸಾಂದ್ರತೆ ಮತ್ತು ಪ್ರೋಟೀನ್ ಪರೀಕ್ಷೆಗಳನ್ನು ಮಾಡಿಸಲು ವೈದ್ಯರು ಹೇಳಿದ್ದಾರೆ. ವರದಿ ಬರುವವರೆಗೆ ಅದರ ಬಟ್ಟಲಿನಲ್ಲಿ ಈಗಿನ ಆಹಾರವೇ, ಈಗಿನ ತೂಕದಲ್ಲೇ ಇರುತ್ತದೆ.